ನಾರ್ಥಂಬರ್‌ಲ್ಯಾಂಡಿನಲ್ಲಿ ನಾನು ಹಾಕಿದ ಗೇಟು

ಬೈಲಹೊಂಗಲದ ಮಾರ್ಕೆಟ್ ಯಾರ್ಡಿನಲ್ಲಿರುವ ನನ್ನ ಅಡತಿ ಅಂಗಡಿಗೆ ಹತ್ತಿ, ಶೇಂಗಾ ತರುವವರೆಲ್ಲ ಈಗ ದರ ಕೇಳುವ ಮೊದಲು, ‘ಇಂಗ್ಲೆಂಡ್ ಹೆಂಗಿತ್ರಿ ಸಾವಕಾರ?’ ಎಂದು ಕೇಳುತ್ತಾರೆ. ನಾನು ಮೊಬೈಲು ತೆಗೆದು ಕೋಟೆಗಳ ಫೋಟೋ ತೋರಿಸುತ್ತೇನೆ, ಚಹಾ ತರಿಸುತ್ತೇನೆ. ಚಹಾ ಬಂತೆಂದರೆ ಮಾತು ಬೇರೆ ಕಡೆ ಹೊರಳುತ್ತದೆ. ಹೊರಳಲಿ ಎಂದೇ ತರಿಸುವುದು. ನಡೆದದ್ದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಬರೆಯುವುದು ಸ್ವಲ್ಪ ಸುಲಭ, ಎದುರಿಗೆ ಯಾರೂ ಕೂತಿರುವುದಿಲ್ಲ.

ಉತ್ತರದ ದಾರಿ

ನಾನು ಹೋದದ್ದು ಲಂಡನ್ ನೋಡಲಿಕ್ಕಲ್ಲ. ಮಗಳು ಶೈಲಾ ಇಂಗ್ಲೆಂಡಿನ ಉತ್ತರದ ತುದಿಯ ನಾರ್ಥಂಬರ್‌ಲ್ಯಾಂಡ್ ಎಂಬ ಕೌಂಟಿಯಲ್ಲಿ, ಅಂದರೆ ನಮ್ಮ ಲೆಕ್ಕದಲ್ಲಿ ಜಿಲ್ಲೆಯಲ್ಲಿ, ಒಂದು ಸಣ್ಣ ಊರಿನ ದವಾಖಾನೆಯ ನರ್ಸು. ಅಲ್ಲಿಂದ ಗುಡ್ಡ ಹತ್ತಿ ಇಳಿದರೆ ಸ್ಕಾಟ್ಲೆಂಡ್. ಏಪ್ರಿಲ್ ಕೊನೆಗೆ ಹೋಗಿದ್ದೆ. ನಮ್ಮಲ್ಲಿ ಆಗ ಮಧ್ಯಾಹ್ನ ನಾಯಿಯೂ ಹೊರಗೆ ಬರುವುದಿಲ್ಲ. ಅಲ್ಲಿ ನಾನು ಒಳಗೆ ಮೂರು ಬನಿಯನ್ ಹಾಕಿಕೊಂಡಿದ್ದೆ. ಹೋಗುವವರಿಗೆ ಒಂದು ಮಾತು: ಮಂಕಿ ಟೋಪಿಗೆ ಸಂಕೋಚಪಡಬೇಡಿ, ಶೇಂಗಾ ಚಟ್ನಿ ಎರಡು ಡಬ್ಬಿ ಒಯ್ಯಿರಿ, ಕಟಕ ರೊಟ್ಟಿಯನ್ನು ಬಟ್ಟೆಗಳ ನಡುವೆ ಇಟ್ಟರೆ ಮುರಿಯುವುದಿಲ್ಲ.

ವಿಮಾನ ನಿಲ್ದಾಣದಿಂದ ಮಗಳು ತನ್ನ ಕಾರಿನಲ್ಲಿ ಕರೆದೊಯ್ದಳು. ಸವದತ್ತಿ ದಾಟಿ ರಾಮದುರ್ಗದ ಕಡೆ ಹೋಗುವಾಗ ಕಾಣುವ ಬೋಳು ಗುಡ್ಡಗಳಿಗೆ ಯಾರೋ ಹಸಿರು ಕಂಬಳಿ ಹೊದಿಸಿದರೆ ಹೇಗಿರುತ್ತದೋ ಹಾಗಿತ್ತು ಸೀಮೆ. ಮರ ಕಡಿಮೆ, ಮನೆ ಅದಕ್ಕಿಂತ ಕಡಿಮೆ, ಮನುಷ್ಯರು ಇಲ್ಲವೇ ಇಲ್ಲ. ಎಲ್ಲಿ ನೋಡಿದರೂ ಕುರಿ, ಮತ್ತು ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗಾರೆಯಿಲ್ಲದ ಗೋಡೆಗಳು. ಎಲೆಕ್ಷನ್ನಿನಲ್ಲಿ ಇಲ್ಲಿ ಕೈಮುಗಿಯುತ್ತ ಬರುವವನು ಕುರಿಗಳಿಗೇ ಕೈಮುಗಿಯಬೇಕು ಎಂದೆ. ಮಗಳು, ‘ಅದಕ್ಕ ಯಾರೂ ಬರಂಗಿಲ್ಲಪ್ಪಾ. ಕೌನ್ಸಿಲ್ ಆಫೀಸು ಆ ತುದಿಗೆ ಐತಿ. ಈ ಗುಡ್ಡದ ಮಂದಿ ಅವರಿಗೆ ನೆನಪಾಗೂದು ರಸ್ತಾ ಕೆಟ್ಟಾಗ ಅಲ್ಲ, ರಸ್ತಾ ಕೆಟ್ಟೇತಿ ಅಂತ ಪೇಪರಿನಾಗ ಬಂದಾಗ’ ಎಂದಳು. ಅಲ್ಲಿಗೆ ನನಗೆ ಸೀಮೆ ಗುರುತು ಸಿಕ್ಕಿತು.

ರೋಮಿನವರು ಕಟ್ಟಿದ ಉದ್ದನೆಯ ಗೋಡೆಯೊಂದು ಈ ಕೌಂಟಿಯನ್ನು ಅಡ್ಡಹಾಯುತ್ತದೆ. ಅದೇ ಗಡಿ ಎಂದುಕೊಂಡ ನಾನು ಗೋಡೆ ಕುಸಿದ ಕಡೆ ಆಚೆಗೊಂದು ಕಾಲು, ಈಚೆಗೊಂದು ಕಾಲು ಇಟ್ಟು ಫೋಟೋ ತೆಗೆಸಿಕೊಂಡೆ. ‘ಒಂದ್ ಕಾಲ್ ಇಂಗ್ಲೆಂಡ್, ಒಂದ್ ಕಾಲ್ ಸ್ಕಾಟ್ಲೆಂಡ್’ ಎಂದು ಬರೆದು ಊರಿನ ಗ್ರೂಪಿಗೂ ಹಾಕಿಬಿಟ್ಟೆ.

‘ಅಪ್ಪಾ, ಗಡಿ ಇನ್ನೂ ಭಾಳ ದೂರ ಐತಿ. ನಿನ್ನ ಎರಡೂ ಕಾಲು ಇಂಗ್ಲೆಂಡದಾಗ ಅದಾವ.’

‘ಗ್ರೂಪಿನ್ಯಾಗ ಯಾರಿಗೆ ಗೊತ್ತಾಗ್ತೈತಿ ಬಿಡವಾ.’

ದಾರಿಯಲ್ಲಿ ಒಂದು ಊರಿನಲ್ಲಿ ಹಳೆಯ ಬಟ್ಟೆಯ ಅಂಗಡಿ ಕಂಡಿತು. ಒಳ್ಳೆಯ ಉಣ್ಣೆಯ ಕೋಟೊಂದಿತ್ತು. ಬೆಳ್ಳಿಕೂದಲಿನ ಮುದುಕಿ ಹೇಳಿದ ದರಕ್ಕೆ ನಾನು ಮುಖ ಕಿವುಚಿದೆ, ಗುಂಡಿ ಎಳೆದು ತೋರಿಸಿದೆ, ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ನೇಸರಗಿ ಸಂತೆಯಲ್ಲಿ ಶೇಂಗಾ ಚೀಲ ಹೊತ್ತು ಬದುಕು ಶುರು ಮಾಡಿದವನಿಗೆ ಇದು ಉಸಿರಾಟದಂತೆ. ಆಕೆ ಅರ್ಧಕ್ಕೆ ಇಳಿದಳು, ಮೇಲೆ ‘ಸಾರಿ’ ಎಂದೂ ಹೇಳಿದಳು. ಹೊರಗೆ ಬಂದ ಮೇಲೆ ಮಗಳು ಬೋರ್ಡು ಓದಿ ಹೇಳಿದಳು: ಅದು ಕ್ಯಾನ್ಸರ್ ರೋಗಿಗಳಿಗಾಗಿ ನಡೆಸುವ ಅಂಗಡಿ, ಮುದುಕಿ ಪಗಾರವಿಲ್ಲದೆ ಕೂಡುವವಳು. ಕೋಟು ಬೆಚ್ಚಗಿತ್ತು, ಹಾಕಿಕೊಂಡರೆ ಕಿವಿಯೂ ಬಿಸಿಯಾಗುತ್ತಿತ್ತು. ಈ ದೇಶದಲ್ಲಿ ಚೌಕಾಶಿ ಮಾಡುವ ಮುನ್ನ ಬೋರ್ಡು ಓದಿರಿ. ಇದು ನನ್ನ ಎರಡನೆಯ ಮಾತು.

ದಪ್ಪ ಗೋಡೆಯ ಮನೆ

ಮಗಳು ಇದ್ದದ್ದು ಊರ ಹೊರಗಿನ ಕುರಿ ಸಾಕುವ ಮನೆಯ ಮಾಳಿಗೆಯಲ್ಲಿ. ಮನೆಯ ಯಜಮಾನತಿ ಮಾರ್ಗರೆಟ್. ನನಗಿಂತ ನಾಲ್ಕಾರು ವರ್ಷ ದೊಡ್ಡವರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಕುರಿ, ಹೊಲ ನೋಡಿಕೊಂಡಿದ್ದವರು. ನಾನು ‘ಅಕ್ಕಾರ’ ಎಂದು ಕರೆದೆ. ಅದೇನೆಂದು ಮಗಳಿಂದ ತಿಳಿದುಕೊಂಡು ತಲೆಯಾಡಿಸಿದರು. ಅವರ ಮಾತು ನನಗೆ ಮಗಳ ಬಾಯಿಂದ ದಾಟಿ ಬರುತ್ತಿತ್ತು, ಹಾಗೆ ಬಂದಂತೆಯೇ ಬರೆಯುತ್ತೇನೆ. ಇಂಗ್ಲೆಂಡಿನ ಹೆಣ್ಣುಮಗಳು ಬೈಲಹೊಂಗಲದ ಮಾತಾಡಿದಳೆಂದು ನಗಬೇಡಿ.

ಮನೆಯ ಪಕ್ಕ ಒಂದು ಹಳೆಯ ಕಲ್ಲಿನ ಕಟ್ಟಡ. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯಲ್ಲಿ ಒಬ್ಬ ಮನುಷ್ಯ ಮಲಗಬಹುದು. ಕೆಳಗೆ ದನ, ಮೇಲೆ ಜನ. ರಾತ್ರಿ ಏಣಿ ಮೇಲಕ್ಕೆಳೆದುಕೊಂಡು ಮಲಗುತ್ತಿದ್ದರಂತೆ.

‘ಯಾರಿಗೆ ಅಂಜಿ?’ ಎಂದು ಕೇಳಿದೆ.

‘ಆಚಿ ಮಂದಿಗೆ. ಆಚಿ ಮಂದಿ ಈಚಿ ಮಂದಿಗೆ ಅಂಜತಿದ್ರು. ತಲಿತಲಾಂತರ ಇದ ಕೆಲಸರಿ. ಅವರು ನಮ್ಮ ದನಾ ಹೊಡಕೊಂಡ ಹೋಗೂದು, ನಾವು ಅವರ ದನಾ ಹೊಡಕೊಂಡ ಬರೂದು. ರಾಜರು ದೂರ ಇದ್ರು, ದನಾ ಹತ್ರ ಇದ್ದೂ.’

‘ಪೊಲೀಸರು?’

‘ಅವರೂ ನಮ್ಮ ಬೀಗರ ಇರತಿದ್ರು.’

ಗುಡ್ಡದ ಎರಡೂ ಕಡೆ ಈಗಲೂ ಅದೇ ಅಡ್ಡಹೆಸರುಗಳು. ನಮ್ಮಲ್ಲೂ ಒಂದು ಕಾಲಕ್ಕೆ ಒಂದು ಊರು ಇಂಗ್ಲಿಷರದು, ನಡುವೆ ಹಳ್ಳ ದಾಟಿದರೆ ರಾಮದುರ್ಗ ಸಂಸ್ಥಾನದ್ದು ಎಂದು ಇತ್ತು ಎಂದು ವಿವರಿಸಿದೆ. ಕಿತ್ತೂರಿನ ಕೋಟೆ ಒಡೆದದ್ದು ನಿಮ್ಮವರೇ ಎಂಬುದನ್ನೂ ಸೇರಿಸಿದೆ. ಅವರು ‘ನಮಗ ಸಾಲ್ಯಾಗ ಇದನ್ನ ಹೇಳೇ ಇಲ್ಲರಿ’ ಎಂದು, ಚಹಾದ ಜೊತೆ ಇನ್ನೊಂದು ತುಂಡು ಕೇಕು ಕೊಟ್ಟರು. ಕೋಟೆಯೊಂದಕ್ಕೆ ಕೇಕು. ನಾನು ತಿಂದೆ.

ಗುಡ್ಡದ ಆಚೆ ಸ್ಕಾಟ್ಲೆಂಡಿನಲ್ಲಿ ಔಷಧಿ ಚೀಟಿಗೆ ದುಡ್ಡಿಲ್ಲ, ಈಚೆ ಇದೆ. ಕೊರೊನಾ ಕಾಲದಲ್ಲಿ ಆಚೆಗೊಂದು ಕಾನೂನು, ಈಚೆಗೊಂದು. ಬೇರೆ ದೇಶವಾಗಬೇಕೇ ಬೇಡವೇ ಎಂದು ಆಚೆಯವರು ಒಮ್ಮೆ ಮತವನ್ನೂ ಹಾಕಿ, ಬೇಡವೆಂದಿದ್ದರು. ಸಮುದ್ರ ದಂಡೆಯ ಬೆರಿಕ್ ಎಂಬ ಊರಂತೂ ಎಷ್ಟೋ ಸಲ ಕೈಬದಲಾಗಿ ಕೊನೆಗೆ ಇಂಗ್ಲೆಂಡಿಗೆ ಉಳಿದಿದೆ. ಆದರೆ ಅದರ ಫುಟ್ಬಾಲ್ ತಂಡ ಆಡುವುದು ಸ್ಕಾಟ್ಲೆಂಡಿನ ತಂಡಗಳ ಜೊತೆ. ಬೆಳಗಾವಿಯ ಹುಡುಗರು ಕೊಲ್ಹಾಪುರದ ಲೀಗಿನಲ್ಲಿ ಆಡಿದರೆ ಏನಾಗಬಹುದೆಂದು ನೀವೇ ಊಹಿಸಿ.

‘ಅಕ್ಕಾರ, ನೀವು ಭಾಳ ಸಡ್ಲ ಬಿಟ್ಟೀರಿ’ ಎಂದೆ. ‘ಗಡಿ ಅಂದ್ರ ಗೇಣು ಬಿಟ್ರ ಊರು ಹೋಗ್ತೈತಿ. ನಮ್ಮಲ್ಲೆ ಬೋರ್ಡಿನ ಮ್ಯಾಗಿನ ಅಕ್ಷರಕ್ಕ ಬಸ್ಸಿಗೆ ಮಸಿ ಬಳೀತಾರ.’

‘ಬಸ್ಸು ಏನ್ ಮಾಡೇತ್ರಿ ಪಾಪ?’ ಎಂದು ಅವರು ಕೇಳಿದರು.

ಅವರಿಗೆ ಗಡಿಯ ಚಿಂತೆ ಇರಲಿಲ್ಲ. ಇದ್ದದ್ದು ಮರದ ಚಿಂತೆ. ದೊಡ್ಡ ಕಂಪನಿಗಳು ಗುಡ್ಡಗಳನ್ನು ಕೊಂಡು ಕಟ್ಟಿಗೆಗಾಗಿ ಸಾಲುಸಾಲು ಮರ ನೆಡುತ್ತಿವೆ. ಮರ ಬಂದಲ್ಲಿ ಕುರಿ ಹೋಗುತ್ತದೆ, ಕುರಿ ಹೋದಲ್ಲಿ ಮನೆ ಖಾಲಿಯಾಗುತ್ತದೆ, ಸಾಲೆ ಮುಚ್ಚುತ್ತದೆ. ಗುಡ್ಡದ ಆಚೆ ಬದಿಯ ಆಂಡ್ರೂ ಎಂಬ ಕುರಿ ಸಾಕುವವನಿಗೂ ಒಂದು ಕಂಪನಿ ದರ ಹೇಳಿದೆ. ಅವನು ಇನ್ನೂ ಹೂಂ ಎಂದಿಲ್ಲ, ಉಹೂಂ ಎಂದೂ ಇಲ್ಲ.

‘ಅಂವ ಕೊಟ್ಟರ ನಾನೂ ಕೊಡಬೇಕಾಗ್ತೈತಿ’ ಎಂದರು ಅಕ್ಕ. ‘ಈ ಗುಡ್ಡದ ಮ್ಯಾಲ ಒಬ್ಬರ ಬಾಳೆ ಆಗಂಗಿಲ್ಲರಿ.’

ಗುಡ್ಡದ ನೆತ್ತಿ

ಮರುದಿನ ಮಧ್ಯಾಹ್ನ ಮಗಳು ದವಾಖಾನೆಗೆ ಹೋಗಿದ್ದಳು. ಅಕ್ಕ ಈಯುವ ಕುರಿಗಳ ನಡುವೆ ಇದ್ದರು. ನಾನು ಕೋಟು ಹಾಕಿಕೊಂಡು ಒಬ್ಬನೇ ಗುಡ್ಡ ಹತ್ತಿದೆ. ನೆತ್ತಿಯ ಉದ್ದಕ್ಕೂ ತಂತಿ ಬೇಲಿ, ಅದೇ ಎರಡು ದೇಶಗಳ ಗಡಿ. ಸಿಪಾಯಿ ಇಲ್ಲ, ಬಾವುಟ ಇಲ್ಲ. ಬೇಲಿಯ ನಡುವೆ ಒಂದು ಮರದ ಗೇಟು, ಹಾರು ಹೊಡೆದಂತೆ ತೆರೆದಿತ್ತು. ಈಚೆ ಸ್ವಲ್ಪ ಕೆಳಗೆ ಎದೆಮಟ್ಟದ ದುಂಡನೆಯ ಕಲ್ಲಿನ ಗೋಡೆ, ಹಾಳು ಬಾವಿಯ ಕಟ್ಟೆಯಿದ್ದಂತೆ. ಅದರ ಸುತ್ತ ಹುಲ್ಲು ಮೇಯುತ್ತಿದ್ದವು ಬೆನ್ನಿಗೆ ನೀಲಿ ಬಣ್ಣ ಬಳಿದ ಕುರಿಗಳು, ಕಾಲು ನೆಟ್ಟಗಾಗದ ಮರಿಗಳು.

ಅಕ್ಕನ ಕುರಿಗಳಿಗೆ ಕೆಂಪು ಬಣ್ಣ. ನೀಲಿ ಆಂಡ್ರೂನದು.

ನನಗೆ ಎಲ್ಲ ಅರ್ಥವಾಗಿಬಿಟ್ಟಿತು. ಒಬ್ಬಂಟಿ ಹೆಣ್ಣುಮಗಳು, ಪಕ್ಕದ ಹೊಲದವನು ಸದ್ದಿಲ್ಲದೆ ತನ್ನ ಕುರಿ ನುಗ್ಗಿಸಿ ಹುಲ್ಲು ಮೇಯಿಸುತ್ತಿದ್ದಾನೆ, ಮೇಲೆ ಹೊಲ ಮಾರುತ್ತೇನೆಂದು ಹೆದರಿಸುತ್ತಾನೆ. ದೊಡವಾಡದಲ್ಲಿ ನನ್ನ ಹೊಲದ ಬದುವಿಗೆ ಇದೇ ಆಟ ಆಡಿದವನಿದ್ದ. ಸುತ್ತಲೂ ಮುಳ್ಳುತಂತಿ ಬಿಗಿದ ಮೇಲೆ ಸರಿಯಾದ. ನಾನು ಕೈ ಬೀಸಿ, ಹೋ ಹೋ ಎಂದು ಕೂಗಿ, ಒಂದನ್ನೂ ಬಿಡದೆ ಆಚೆ ಹೊಡೆದೆ. ಗೇಟು ಹಾಕಿದೆ. ಚಿಲಕದ ಮೇಲೆ ನಂಬಿಕೆ ಬರದೆ ಅಲ್ಲೇ ಬಿದ್ದ ತಂತಿಯನ್ನು ಸುತ್ತಿ, ಚೀಲದ ಬಾಯಿ ಕಟ್ಟುವಂತೆ ತಿರುವಿ ತುದಿಯನ್ನು ಒಳಗೆ ಸಿಕ್ಕಿಸಿದೆ. ಇಳಿಯುವಾಗ ಸೀಟಿ ಹೊಡೆಯುತ್ತಿದ್ದೆ.

ಸಂಜೆ ಊಟಕ್ಕೆ ಕೂತಾಗ ಅಕ್ಕನಿಗೆ ಹೇಳಲಿಲ್ಲ. ಇದು ನನ್ನ ವ್ಯಾಪಾರದ ಬುದ್ಧಿ. ಮಾಡಿದ ಉಪಕಾರವನ್ನು ಕೂಡಲೇ ಹೇಳಿದರೆ ಅದಕ್ಕೆ ತೂಕ ಬರುವುದಿಲ್ಲ, ಸಮಯ ನೋಡಿ ಹೇಳಬೇಕು ಎಂದು ಎಷ್ಟೋ ಹುಡುಗರಿಗೆ ಕಲಿಸಿದ್ದೇನೆ. ನಾಳೆ ಚಹಾಕ್ಕೆ ಹೇಳೋಣ ಎಂದುಕೊಂಡೆ. ಕಿಟಕಿಯ ಹೊರಗೆ ಮೋಡ ಬೂದಿ ಬಣ್ಣಕ್ಕೆ ತಿರುಗಿತ್ತು. ಈ ಚಳಿಗಾಲದ ಕೊನೆಯ ಉತ್ತರದ ಗಾಳಿ ಇದು, ಇದೊಂದು ದಾಟಿದರೆ ಬೇಸಿಗೆ ಬಂತು ಎಂದು ಅಕ್ಕ ಅಂದರು. ನನ್ನ ಮನಸ್ಸು ನಾಳೆಯ ಹೊಗಳಿಕೆಯಲ್ಲಿತ್ತು.

ಬೆಳ್ಳಗಿನ ಬೆಳಗು

ಎದ್ದಾಗ ಲೋಕವೇ ಬಿಳಿ. ಹಿಮವನ್ನು ಮೊದಲ ಸಲ ಕಂಡ ಸಂತೋಷಕ್ಕೆ ಅಂಗಳಕ್ಕೆ ಓಡಿ ಹೋಗಿ ಮುಷ್ಟಿಯಲ್ಲಿ ಹಿಡಿದೆ. ಮಗಳು ಫೋಟೋ ತೆಗೆಯುತ್ತಿದ್ದಳು. ಅಷ್ಟರಲ್ಲಿ ನಾಲ್ಕು ಗಾಲಿಯ ಬೈಕೊಂದು ಗುಡ್ಡ ಇಳಿದು ಬಂತು. ಓಡಿಸುತ್ತಿದ್ದವನು ಎತ್ತರದ, ಕೆಂಪು ಕಿವಿಯ ಮನುಷ್ಯ, ಆಂಡ್ರೂ. ಹಿಂದಿನ ಪೆಟ್ಟಿಗೆಯಲ್ಲಿ ಮರಿಗಳನ್ನು ಒಂದರ ಮೇಲೊಂದು ಇಟ್ಟಿದ್ದ. ಮಲಗಿವೆ ಎಂದು ನಾನು ತಿಳಿದೆ.

ಅವನು ಬೈಕಿನಿಂದ ಇಳಿಯಲಿಲ್ಲ. ಅಕ್ಕ ಹೊರಗೆ ಬಂದರು. ಅವನು ಒಂದೇ ಮಾತು ಹೇಳಿದ. ಅಕ್ಕನ ಕಣ್ಣು ಪೆಟ್ಟಿಗೆಗೆ ಹೋಯಿತು, ಅಲ್ಲಿಂದ ನನ್ನ ಕಡೆ ಬಂತು, ತಿರುಗಿ ಅವನ ಕಡೆ ಹೋಯಿತು. ಅವರೂ ಒಂದೇ ಮಾತು ಹೇಳಿದರು.

‘ಏನಂತವಾ?’ ಎಂದೆ.

ಮಗಳ ಮುಖದ ಬಣ್ಣ ಇಳಿದಿತ್ತು. ‘ಗೇಟಿಗೆ ತಂತಿ ಬಿಗದಿತ್ತಂತ. ರಾತ್ರಿ ಗಾಳಿಗೆ ಅವರ ಕುರಿ ಈಚಿ ಬರಾಕ ಆಗಲಿಲ್ಲಂತ, ಗೇಟಿಗೆ ಒತ್ತಿ ನಿಂತಲ್ಲೇ ಹಿಮದಾಗ... ಅಕ್ಕಾರು, ನಾನ ಹಾಕಿದ್ದೆ, ತಗ್ಯಾಕ ಮರತೆ ಅಂದ್ರು. ಅಪ್ಪಾ, ಗೇಟು ಯಾರು ಹಾಕಿದ್ರು?’

ನಾನು ಮುಷ್ಟಿಯಲ್ಲಿದ್ದ ಹಿಮವನ್ನು ಕೆಳಗೆ ಬಿಟ್ಟೆ.

ಆಂಡ್ರೂ ಹೋಗುವ ಮುನ್ನ ಇನ್ನೊಂದು ಮಾತು ಹೇಳಿದ. ಅದನ್ನು ಮಗಳು ಬಹಳ ಮೆಲ್ಲಗೆ ಹೇಳಿದಳು: ‘ನೀನ ಗೇಟ್ ಹಾಕಿದ ಮ್ಯಾಲ ನಾ ಇಲ್ಲಿದ್ದೇನು ಮಾಡಲಿ ಅಂದ್ರು. ಕಂಪನಿಯವರಿಗೆ ಫೋನ್ ಮಾಡ್ತೇನಿ ಅಂದ್ರು.’

ಆಮೇಲೆ ಅಡುಗೆಮನೆಯಲ್ಲಿ ತಿಳಿಯಿತು. ಆಂಡ್ರೂನ ಹೊಲ ಉತ್ತರಕ್ಕೆ ಮುಖ, ಗಾಳಿಗೆ ಆಸರೆಯಿಲ್ಲ. ಅಕ್ಕನ ಬದಿಯ ಆ ದುಂಡು ಗೋಡೆ ಕುರಿಗಳಿಗೆಂದೇ ಕಟ್ಟಿದ್ದು, ಮಳೆ ಹಿಮದಲ್ಲಿ ಒಳಗೆ ಕೂಡುತ್ತವೆ. ಅದಕ್ಕೆ ಈಯುವ ಕಾಲದಲ್ಲಿ ಗೇಟು ತೆರೆದೇ ಇರುತ್ತದೆ. ಬೇಸಿಗೆಯಲ್ಲಿ ಈಚೆ ನೀರು ಬತ್ತಿದರೆ ಅಕ್ಕನ ಕುರಿಗಳು ಆಚೆಯ ಹಳ್ಳಕ್ಕೆ ಇಳಿಯುತ್ತವೆ. ಅವರ ಅಪ್ಪಂದಿರ ಕಾಲದಿಂದ ಹೀಗೆಯೇ. ಕುರಿಗಳು ಬೆರೆಯುವುದಿಲ್ಲವೇ ಎಂದು ಕೇಳಿದೆ. ಇಲ್ಲವಂತೆ. ತನ್ನ ಗುಡ್ಡ ಯಾವುದೆಂದು ಮರಿ ತಾಯಿಯಿಂದ ಕಲಿಯುತ್ತದೆ, ಹವೆ ತಿಳಿಯಾದರೆ ತಾನೇ ತಿರುಗಿ ಹೋಗುತ್ತದೆ. ಬೇಲಿ ಇರುವುದು ಸರಕಾರಕ್ಕೆ.

‘ಗೇಟ್ ಹಾಕಿದಾವ ನಾನರಿ ಅಕ್ಕಾರ’ ಎಂದೆ.

ಅವರು ತಟ್ಟೆ ತೊಳೆಯುತ್ತಲೇ ಇದ್ದರು. ‘ನನಗ ಗೊತ್ತೈತ್ರಿ. ನಿನ್ನೆ ನೀವು ಸೀಟಿ ಹೊಡಕೋತ ಇಳದ್ರಿ, ಕುರಿ ಕೂಗಿದ್ದೂ ಕೇಳಿತ್ತು. ಗೇಟಿಂದು ತಲಿಗೆ ಬರಲಿಲ್ಲ. ಅಂವ ಹೇಳಿದ ಮ್ಯಾಲ ಬಂತು.’

‘ಮತ್ತ ನೀವು ಯಾಕ...’

‘ನೀವು ನಮ್ಮನಿಗೆ ಬಂದ ಮಂದಿ.’

ಅವರು ಬೈದಿದ್ದರೆ ನಾನು ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಒಳಗೆ ಹೋಗಿ ಊರಿಗೆ ಫೋನು ಹಚ್ಚಿದೆ. ಹೆಂಡತಿ ನೀಲವ್ವ ಪೂರ್ತಿ ಕೇಳಿಸಿಕೊಂಡಳು.

‘ರೀ, ಮಂದಿ ಹೊಲದ ಬಾಗಲಾ ನಿಮಗ್ಯಾಕ್ರಿ? ಇಲ್ಲೆ ತಂತಿ ಬಿಗದದ್ದು ಸಾಲಲಿಲ್ಲೇನು?’

‘ನಾ ಒಳ್ಳೇದಕ್ಕ...’

‘ನೀವು ಯಾವತ್ತರ ಕೆಟ್ಟದಕ್ಕ ಮಾಡೀರೇನು? ಎಲ್ಲಾ ಒಳ್ಳೇದಕ್ಕ ಮಾಡೀರಿ. ಹೋಗಿ ಆ ಮನಿಷ್ಯಾಗ ಹೇಳ್ರಿ ಮೊದಲ. ಆ ಹೆಣ್ಮಗಳ ಮನಿ ಮುರೀಬ್ಯಾಡ್ರಿ. ಫೋನ್ ಇಡ್ರಿ.’

ಗಡಿಯ ಆಚೆ

ಕಾರಿನ ದಾರಿ ಗುಡ್ಡವನ್ನು ಸುತ್ತಿ ಹೋಗುತ್ತದೆ, ಹಿಮಕ್ಕೆ ಅದು ಮುಚ್ಚಿತ್ತು. ಮಗಳೂ ನಾನೂ ನಡೆದೇ ಹತ್ತಿದೆವು. ನೆತ್ತಿಯಲ್ಲಿ ಗೇಟು ತೆರೆದಿತ್ತು, ಬಿಚ್ಚಿದ ತಂತಿ ಕಂಬಕ್ಕೆ ಜೋಲಾಡುತ್ತಿತ್ತು. ಈ ಸಲ ನಿಜವಾಗಿ ಒಂದು ಕಾಲು ಇಂಗ್ಲೆಂಡಿನಲ್ಲಿ, ಒಂದು ಕಾಲು ಸ್ಕಾಟ್ಲೆಂಡಿನಲ್ಲಿ ಇಟ್ಟು ದಾಟಿದೆ. ಗೇಟಿನ ಬುಡದಲ್ಲಿ ಹಿಮ ತುಳಿದು ಕೆಸರಾಗಿತ್ತು, ಉಣ್ಣೆ ಅಂಟಿತ್ತು. ನೋಡಬಾರದೆಂದರೂ ನೋಡಿದೆ.

ಆಂಡ್ರೂ ಕೊಟ್ಟಿಗೆಯಲ್ಲಿದ್ದ. ಮಗಳ ಕಡೆ ತಿರುಗದೆ ನಾನೇ ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ: ಗೇಟು ನಾನು ಹಾಕಿದ್ದು, ಅಕ್ಕ ಅಲ್ಲ. ಅವನು ತಲೆಯೆತ್ತಲಿಲ್ಲ.

‘ಗೊತ್ತೈತಿ ಅನ್ನಾಕತ್ತಾರ’ ಎಂದಳು ಮಗಳು. ‘ಆಕಿ ಹಗ್ಗ ಕಟ್ಟತಾಳ, ಹಂಗ ತಂತಿ ತಿರವಂಗಿಲ್ಲ ಅಂತಾರ.’

‘ಮತ್ತ ಅಕ್ಕಾರ ಮ್ಯಾಲ ಸಿಟ್ಟ್ಯಾಕ ಕೇಳು.’

ಅವನು ಕೈಯಲ್ಲಿದ್ದುದನ್ನು ಕೆಳಗಿಟ್ಟು ಉದ್ದವಾಗಿ ಹೇಳಿದ. ಮಗಳು ತಡೆತಡೆದು ಹೇಳಿದಳು. ‘ಮರಿ ಸತ್ತದ್ದು ಹವಾದಿಂದ. ಹವಾದಾಗ ಮರಿ ಸಾಯ್ತಾವ. ಆದರ ಆಕಿ ಇಷ್ಟ್ ವರ್ಷದಾಗ ನನ್ನ ಮುಂದ ಸುಳ್ಳ ಹೇಳಿದ್ದಿಲ್ಲ. ಇವತ್ತ ಅಂಗಳದಾಗ ನಿಂತು, ನನ್ನ ಮಾರಿ ನೋಡಿ ಹೇಳಿದಳು. ಯಾರೋ ಪರದೇಶದಾಂವನ ಸಲುವಾಗಿ ನನ್ನ ಮುಂದ ಸುಳ್ಳ ಹೇಳತಾಳಂದ್ರ, ಇನ್ನ ಗುಡ್ಡದ ಮ್ಯಾಲ ಯಾರನ್ನ ನಂಬಲಿ?’

ನನಗೆ ತಿಳಿದ ಉಪಾಯ ಒಂದೇ. ಕೋಟಿನೊಳಗೆ ಕೈ ಹಾಕಿ ಪಾಕೀಟು ತೆಗೆದೆ. ಆಂಡ್ರೂ ಪಾಕೀಟನ್ನು ನೋಡಿದ. ನನ್ನನ್ನು ನೋಡಲಿಲ್ಲ, ಪಾಕೀಟನ್ನೇ ನೋಡಿದ, ದೇವರ ಜಗುಲಿಯ ಮೇಲೆ ಯಾರೋ ಚಪ್ಪಲಿ ಇಟ್ಟಂತೆ. ಮಗಳು, ‘ಅಪ್ಪಾ, ಒಳಗ ಇಡು’ ಎಂದಳು. ಅವಳು ಸಣ್ಣವಳಿದ್ದಾಗ ನಾನು ಅವಳಿಗೆ ಹೇಳುತ್ತಿದ್ದ ದನಿಯದು.

ಇಟ್ಟೆ. ಹೋಗಲು ತಿರುಗಿದಾಗ ಆಂಡ್ರೂ ನನ್ನ ತೋಳು ಹಿಡಿದು ನಿಲ್ಲಿಸಿ ಒಂದು ಜೀವಂತ ಮರಿಯನ್ನು ಕೈಗೆ ಕೊಟ್ಟ. ಅದರ ತಾಯಿ ರಾತ್ರಿ ಸತ್ತಿತ್ತು. ಮೂಲೆಯಲ್ಲಿ ಮರಿ ಕಳೆದುಕೊಂಡ ತಾಯಿಯೊಂದು ಕೂಗುತ್ತಿತ್ತು. ಪರರ ಮರಿಯನ್ನು ಅದು ಹತ್ತಿರ ಬಿಡುವುದಿಲ್ಲ. ಅದಕ್ಕೆ ಸತ್ತ ಮರಿಯ ಚರ್ಮ ಸುಲಿದು ಈ ಮರಿಗೆ ಅಂಗಿಯಂತೆ ತೊಡಿಸುತ್ತಾರೆ. ವಾಸನೆ ಹಿಡಿದು ತಾಯಿ ತನ್ನದೇ ಎಂದುಕೊಳ್ಳುತ್ತದೆ. ನಾನು ಲಿಂಗಧಾರಿ, ನಮ್ಮ ಮನೆಯ ಹೊಸ್ತಿಲು ಮೊಟ್ಟೆಯೂ ದಾಟಿಲ್ಲ. ಆಂಡ್ರೂ ಚಾಕು ಹಿಡಿದು ಕೆಲಸ ಮಾಡುವಾಗ ನಾನು ಗೋಡೆ ನೋಡುತ್ತ ನಿಂತೆ. ಅವನು ಮರಿಯ ನಾಲ್ಕು ಕಾಲನ್ನು ಆ ಹಸಿ ಚರ್ಮದ ತೂತುಗಳಲ್ಲಿ ತೂರಿಸುವಾಗ ಹಿಡಿದುಕೊಳ್ಳಬೇಕಾದವನು ನಾನೇ. ಕೈ ಒದ್ದೆಯಾಯಿತು. ಹಿಡಿದುಕೊಂಡೆ.

ತಾಯಿ ಮೂಸಿತು. ತಲೆಯಿಂದ ಒಮ್ಮೆ ಗುದ್ದಿತು. ಮತ್ತೆ ಮೂಸಿತು. ಆಮೇಲೆ ಸುಮ್ಮನೆ ನಿಂತಿತು, ಮರಿ ಬಾಲ ಅಲ್ಲಾಡಿಸುತ್ತ ಕುಡಿಯತೊಡಗಿತು. ಆಂಡ್ರೂ ಏನೋ ಗೊಣಗಿ ಹೊರಗೆ ಹೋದ.

‘ಏನಂದ?’

‘ಅಕ್ಕಾರಿಗೆ ಹೇಳಂದ್ರು, ಇನ್ನೊಮ್ಮಿ ಹಂಗ ಹೇಳಬ್ಯಾಡಂತ.’

ಆ ಕುರಿಯ ಮುಂದೆ ನಾನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ. ಮಾಲಿನಲ್ಲಿ ಮಾಲು ಬೆರೆಸಿ ಗಿರಾಕಿಯ ಕಣ್ಣು ತಪ್ಪಿಸುವವರನ್ನು ನಾನು ಬಲ್ಲೆ, ಒಂದೆರಡು ಸಲ ನಾನೂ ಅವರ ಸಾಲಿನಲ್ಲಿದ್ದೆ. ಆ ಮೋಸದಿಂದ ಯಾರ ಹೊಟ್ಟೆಯೂ ತುಂಬಿದ್ದು ಕಂಡಿಲ್ಲ.

ಹೊರಡುವ ಬೆಳಗು

ಉಳಿದ ದಿನ ಯಾರಿಗೂ ಯಾವ ಸಲಹೆಯನ್ನೂ ಕೊಡಲಿಲ್ಲ. ಅದು ಎಷ್ಟು ಕಷ್ಟವೆಂಬುದು ನನ್ನನ್ನು ಬಲ್ಲವರಿಗೆ ಗೊತ್ತು. ಅಕ್ಕ ಸೌದೆಯನ್ನು ತಪ್ಪಾಗಿ ಒಟ್ಟಿದ್ದರೂ ಸುಮ್ಮನಿದ್ದೆ. ಆಂಡ್ರೂ ಕಂಪನಿಗೆ ಫೋನು ಮಾಡಿದನೋ ಇಲ್ಲವೋ ಅಕ್ಕ ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳುವ ಹಕ್ಕು ಇರಲಿಲ್ಲ. ಅವರು ದಿನವೂ ಅಡುಗೆಮನೆಯ ಕಿಟಕಿಯಿಂದ ಗುಡ್ಡ ನೋಡುತ್ತಿದ್ದರು. ಬೈಕಿನ ಸದ್ದು ಬರಲಿಲ್ಲ.

ಹೊರಡುವ ದಿನ ಬೆಳಗಾಗುತ್ತಲೇ ಅಕ್ಕ ಬೂಟು ಹಾಕಿಕೊಂಡು, ‘ಬರ್ರಿ, ಕುರಿ ನೋಡಿ ಬರೂಣು’ ಎಂದು ಮಗಳನ್ನೂ ನನ್ನನ್ನೂ ಕರೆದೊಯ್ದರು. ಹಿಮ ಕರಗಿ ಹುಲ್ಲು ಮೊದಲಿಗಿಂತ ಹಸಿರಾಗಿತ್ತು. ದುಂಡು ಗೋಡೆಯ ಸುತ್ತ ಕೆಂಪು ಬೆನ್ನು, ನೀಲಿ ಬೆನ್ನು ಎರಡೂ ಇದ್ದವು. ನಾನು ತಲೆ ಬಗ್ಗಿಸಿಕೊಂಡೇ ಹತ್ತುತ್ತಿದ್ದೆ. ಅಕ್ಕ ನಿಂತರು, ನಾನೂ ನಿಂತೆ.

ಗಡಿಯಲ್ಲಿ ಗೇಟು ಇರಲಿಲ್ಲ. ಎರಡು ಕಂಬಗಳ ನಡುವೆ ಬರಿಯ ಬಯಲು. ಗೇಟನ್ನು ಕೀಲಿನಿಂದ ಕಳಚಿ ಆಚೆ ಬದಿಯ ಬೇಲಿಗೆ ಆನಿಸಿ, ನೀಲಿ ಹಗ್ಗದಿಂದ ಕಟ್ಟಿ ಇಟ್ಟಿದ್ದರು.

ಅಕ್ಕ ಅದನ್ನು ನೋಡಿದರು. ಅವರ ಭುಜ ಅಲುಗಿತು. ಅಳುತ್ತಿದ್ದಾರೆಂದು ನಾನು ಹೆದರಿದೆ, ಅವರು ನಗುತ್ತಿದ್ದರು.

‘ಗೇಟ್ ಕಳಚಿ ಇಟ್ಟಾನ, ಅಂವ ಎಲ್ಲೂ ಹೋಗಂಗಿಲ್ಲ’ ಎಂದು ಮಗಳಿಗೆ ಹೇಳಿದರು.

ಏನಾದರೂ ಹೇಳಬೇಕಲ್ಲ ಎಂದು ನಾನು, ‘ಕೀಲು ಸವದಿದ್ದೂ ಕಾಣಸ್ತೈತಿ, ಅದಕ್ಕ ಕಳಚ್ಯಾನ’ ಎಂದೆ.

ಮಗಳು ಅದನ್ನು ದಾಟಿಸಿದಳು. ಅಕ್ಕ ಕಂಬದ ಹತ್ತಿರ ಹೋಗಿ ಕೀಲಿನ ಕೊಕ್ಕೆಯನ್ನು ಬೆರಳಿನಿಂದ ತಟ್ಟಿ ನೋಡಿ, ನನ್ನ ಕಡೆ ತಿರುಗಿದರು.

‘ಇಲ್ಲರಿ’ ಎಂದರು. ‘ಕೀಲು ಗಟ್ಟಿ ಅದಾವ.’